ಏಳೂವರೆ ಅಡಿ ಪೈಪಿನ ವಿಮಾನಯಾನ

ವಿಮಾನದಲ್ಲಿ ಮನುಷ್ಯರು ಹೋಗುವುದನ್ನು ನಾನು ಒಪ್ಪುತ್ತೇನೆ. ಅವರ ಜೊತೆ ಸೂಟ್‌ಕೇಸು ಹೋಗಲಿ, ಉಪ್ಪಿನಕಾಯಿ ಡಬ್ಬಿ ಹೋಗಲಿ, ನನ್ನ ತಕರಾರಿಲ್ಲ. ಆದರೆ ಹೊಲಕ್ಕೆ ನೀರು ಹಾಯಿಸುವ ಪಿವಿಸಿ ಪೈಪೊಂದನ್ನು, ಅದೂ ಎರಡೂ ಬಾಯಿ ಮುಚ್ಚಿದ್ದನ್ನು, ಪಕ್ಕದಲ್ಲಿ ನಿಲ್ಲಿಸಿಕೊಂಡು ಚೆಕ್-ಇನ್ ಕೌಂಟರಿನ ಮುಂದೆ ನಿಲ್ಲುವ ಭಾಗ್ಯ ನನಗೆ ಎಪ್ಪತ್ತೊಂದನೆಯ ವಯಸ್ಸಿನಲ್ಲಿ ಬಂತು. ಬೆಳಗಾವಿಯ ಕಾನ್ವೆಂಟಿನಲ್ಲಿ ಬೋರ್ಡಿಂಗಿನಲ್ಲಿದ್ದಾಗ ಸಿಸ್ಟರ್ ಒಬ್ಬರು ನಮಗೆ ಹೇಳಿಕೊಟ್ಟಿದ್ದರು, ಲೇಡಿ ಎನಿಸಿಕೊಳ್ಳುವವಳ ಲಗೇಜು ಅವಳ ಒಂದೇ ಕೈಗೆ ಸಾಕಾಗಬೇಕು ಎಂದು. ಆ ಸಿಸ್ಟರ್ ಮದುವೆಯಾದವರಲ್ಲ.

ನನ್ನ ಯಜಮಾನರು ನೀರಾವರಿ ಇಲಾಖೆಯಲ್ಲಿ ಎಂಜಿನಿಯರ್ ಆಗಿದ್ದು ನಿವೃತ್ತರಾದವರು. ನಿವೃತ್ತಿಯಾದ ಮೇಲೆ ಬಾಗಲಕೋಟೆಯ ನವನಗರದ ನಮ್ಮ ಓಣಿಯಲ್ಲಿ ಕೆಲವರು ಯೋಗಕ್ಕೆ ಹೋದರು, ಕೆಲವರು ಪುರಾಣಕ್ಕೆ ಹೋದರು. ಇವರು ಗಾಳ ಹಿಡಿದರು. ನಮ್ಮದು ಮೊಟ್ಟೆ ಕೂಡ ಹೊಸ್ತಿಲು ದಾಟದ ಮನೆ. ಹಾಗಾಗಿ ಇವರು ಮೀನು ಹಿಡಿಯುತ್ತಾರೆ, ಅದರ ಜೊತೆ ಫೋಟೋ ತೆಗೆಸಿಕೊಳ್ಳುತ್ತಾರೆ, ಆಮೇಲೆ ಬಹಳ ಮರ್ಯಾದೆಯಿಂದ ಮರಳಿ ನೀರಿಗೆ ಬಿಡುತ್ತಾರೆ. ಇದಕ್ಕೆ ಸ್ಪೋರ್ಟ್ ಎಂದು ಹೆಸರು. ಈ ಸ್ಪೋರ್ಟಿಗೆ ನಮ್ಮ ಮನೆಯಲ್ಲಿ ಒಂದು ಪೂರ್ತಿ ಅಲಮಾರಿ ಬೇಕಾಯಿತು. ರೀಲುಗಳು, ದಾರದ ಉಂಡೆಗಳು, ಬಣ್ಣ ಬಣ್ಣದ ಪ್ಲಾಸ್ಟಿಕ್ ಮೀನುಗಳು. ನನ್ನ ಸೀರೆಗಳು ಟ್ರಂಕಿಗೆ ಹೋದವು.

ಮೊದಮೊದಲು ಆಣೆಕಟ್ಟಿನ ಹಿನ್ನೀರಿಗೆ ಹೋಗುತ್ತಿದ್ದರು. ಹಳೆಯ ಬಾಗಲಕೋಟೆ ಮುಳುಗಿರುವ ನೀರು ಅದು. ಒಂದು ಸಂಜೆ ನಾನೂ ಜೊತೆಗೆ ಹೋದೆ. ದಂಡೆಯ ಮೇಲೆ ನಿಂತು ಕಣ್ಣಳತೆಯಲ್ಲಿ ಲೆಕ್ಕ ಹಾಕಿದರೆ, ಇವರು ಗಾಳ ಎಸೆಯುತ್ತಿದ್ದದ್ದು ಸರಿಯಾಗಿ ನನ್ನ ತವರುಮನೆಯ ಮೇಲೆ. ಅಲ್ಲಿ ನಮ್ಮ ಪಡಸಾಲೆ ಇತ್ತು, ಪಡಸಾಲೆಯ ತೂಗುಮಂಚದ ಮೇಲೆ ಕೂತು ನಾನು ಇಂಗ್ಲಿಷ್ ಪದ್ಯ ಬಾಯಿಪಾಠ ಮಾಡುತ್ತಿದ್ದೆ. ಹಾಗೆಂದು ಹೇಳಿದೆ. ಇವರು ದಾರ ಎಳೆಯುತ್ತಲೇ, "ಹೌದೇನು? ಆಳ ಎಷ್ಟಿರಬೇಕು ಅಲ್ಲೆ?" ಎಂದರು. ಅಂದಿನಿಂದ ನಾನು ಹಿನ್ನೀರಿಗೆ ಹೋಗಲಿಲ್ಲ.

ಆಮೇಲೆ ಬಾದಾಮಿಯ ಕಡೆ ಹೊರಳಿದರು. ಚೊಳಚಗುಡ್ಡದ ಹತ್ತಿರ ಮಲಪ್ರಭೆಯ ದಂಡೆಗೆ ಮಡಚುವ ಕುರ್ಚಿ ಹಾಕಿಕೊಂಡು ಕೂಡುವುದು. ಬೆಳಿಗ್ಗೆ ರೊಟ್ಟಿಗೆ ನಾದಿದ ಹಿಟ್ಟಿನಲ್ಲಿ ಒಂದು ಉಂಡೆ ಮೀನಿಗೆ ಎಂದು ತೆಗೆದಿಡಬೇಕು. ಒಮ್ಮೆ ಅಲ್ಲಿ ಬಟ್ಟೆ ಒಗೆಯುತ್ತಿದ್ದ ಹೆಣ್ಣುಮಗಳೊಬ್ಬಳು ಇವರು ಮೀನು ಹಿಡಿದು ಬಿಟ್ಟದ್ದನ್ನು ನೋಡಿ, ಕೈಯಲ್ಲಿದ್ದ ಬಟ್ಟೆ ಹಿಂಡುವುದನ್ನೇ ಬಿಟ್ಟಳು.

"ಯಾಕ್ರೀ ಯಪ್ಪಾ, ಸಣ್ಣದಿತ್ತೇನು?"

"ಸಣ್ಣದಲ್ಲವಾ, ಛಲೋ ಇತ್ತು. ನಾವು ತಿನ್ನೂದಿಲ್ಲ."

"ಮತ್ತ ಹಿಡದದ್ದ್ಯಾಕ್ರಿ?"

"ಬಿಡಾಕ."

ಆಕೆ ನನ್ನ ಕಡೆ ತಿರುಗಿ, "ಅವ್ವಾ, ಮನ್ಯಾಗ ಬ್ಯಾರೆ ಕೆಲಸ ಹಚ್ಚರಿ ಇವ್ರಿಗೆ," ಎಂದಳು. ಐ ಕುಡ್ ಹ್ಯಾವ್ ಕಿಸ್ಡ್ ಹರ್.

ಇಷ್ಟೆಲ್ಲ ಬರೆದ ಮೇಲೆ ಇನ್ನೊಂದನ್ನು ಬರೆಯಲೇಬೇಕು. ಎರಡು ವರ್ಷದಿಂದ ಇವರ ಬಲಗೈ ನಡುಗುತ್ತದೆ. ಮೊದಲು ಚಹದ ಕಪ್ಪು-ಬಸಿಯಲ್ಲಿ ಸದ್ದಾಯಿತು, ಆಮೇಲೆ ಸಹಿ ಕೆಟ್ಟಿತು. ಡಾಕ್ಟರು ಅದಕ್ಕೊಂದು ಹೆಸರು ಹೇಳಿದ್ದಾರೆ, ನಮ್ಮ ಮನೆಯಲ್ಲಿ ಅದನ್ನು ಯಾರೂ ಆಡುವುದಿಲ್ಲ. ಇವರಿಗಿದ್ದ ಆಸೆ ಒಂದೇ. ಹಿಮಾಲಯದ ತಪ್ಪಲಿನ ನದಿಯಲ್ಲಿ ಮಹಶೀರ್ ಎಂಬ ದೊಡ್ಡ ಮೀನನ್ನು ತಮ್ಮ ಕೈಯಿಂದ ಒಮ್ಮೆ ಹಿಡಿಯಬೇಕು. ಡಾಕ್ಟರು ಗುಳಿಗೆ ಬರೆಯುತ್ತ, ತಲೆ ಎತ್ತದೆ, "ಹೋಗೂದಿದ್ರ ಈ ವರ್ಷನ ಹೋಗಿ ಬರ್ರಿ," ಎಂದುಬಿಟ್ಟರು. ಹಳೆಯ ಸಹೋದ್ಯೋಗಿಯೊಬ್ಬರು ಓಡಾಡಿ ಅಲ್ಲಿಯ ಒಂದು ಕ್ಯಾಂಪಿನಲ್ಲಿ ಮೂರು ದಿನದ ಪರವಾನಗಿ ಕೊಡಿಸಿದರು. ಮೂರೇ ದಿನ.

ತೊಂದರೆ ಏನೆಂದರೆ, ಗಾಳದ ರಾಡಿನ ಹಿಡಿಕೆ ತೆಳ್ಳಗಿರುತ್ತದೆ. ನಡುಗುವ ಕೈಗೆ ಅದು ನಿಲ್ಲುವುದಿಲ್ಲ, ಜಾರುತ್ತದೆ. ಅದಕ್ಕೆ ಹಿಡಿಕೆಯನ್ನು ದಪ್ಪ ಮಾಡಿಸಬೇಕೆಂದು ಇವರು ತಮ್ಮ ರಾಡು ಹೊತ್ತುಕೊಂಡು ಇಳಕಲ್ಲಿಗೆ ಹೊರಟರು. ನಾನು ಮೂವತ್ತು ವರ್ಷದಿಂದ ಸೀರೆ ಕೊಳ್ಳುವ ನೇಕಾರರ ಮನೆಗೆ, ನನ್ನನ್ನೂ ಕರೆದುಕೊಂಡು. ದಾರಿಯಲ್ಲಿ ಹುನಗುಂದದಲ್ಲಿ ಚಹಕ್ಕೆ ಇಳಿದಾಗ ರಾಡು ಕಾರಿನ ಕಿಟಕಿಯಿಂದ ಹೊರಗೆ ಚಾಚಿಕೊಂಡಿತ್ತು. ಹೋಟೆಲಿನವನು ಅದನ್ನು ಟಿವಿ ಆಂಟೆನಾ ಅಂದುಕೊಂಡ. ನಾನು ತಿದ್ದಲಿಲ್ಲ.

ನೇಕಾರರ ಮನೆಯ ಯಜಮಾನಿತಿ ನನ್ನ ವಾರಿಗೆಯವಳು. ರಾಡನ್ನು ಮೇಲಿನಿಂದ ಕೆಳಗೆ ನೋಡಿ, "ಏನ್ರಿ ಅಕ್ಕಾರ, ಸಾಹೇಬ್ರು ಕುದುರಿ ಇಟ್ಟಾರೇನು? ಚಾಬೂಕ ತಂದಾರ!" ಎಂದಳು.

"ಮೀನದ ಕೋಲವಾ. ಹಿಡಿಕಿಗೆ ನೂಲು ಸುತ್ತಬೇಕಂತ."

"ಎಲ್ಲಿ, ಮುಷ್ಟಿ ಮಾಡ್ರಿ ಸಾಹೇಬ್ರ, ನೋಡೂಣು."

ಇವರು ಕೈ ಮುಂದೆ ಚಾಚಿದರು. ಅದು ತನ್ನ ಪಾಡಿಗೆ ನಡುಗುತ್ತಿತ್ತು. ಆಕೆ ಒಂದು ಕ್ಷಣ ನೋಡಿದಳು, ತನ್ನ ಕೈಯನ್ನೂ ಅದರ ಪಕ್ಕಕ್ಕೆ ಹಿಡಿದಳು. "ನಂದೂ ನಡಗ್ತೈತ್ರಿ. ಮಗ್ಗದ ಮುಂದ ಕುಂತ್ರ ನಿಲ್ತೈತಿ." ಅಷ್ಟೇ. ನೂಲನ್ನು ತೋಯಿಸಿ, ಬಿಗಿಯಾಗಿ, ಒಂದರ ಪಕ್ಕ ಒಂದು ಸುತ್ತು ಹಾಕುತ್ತ ಹೋದಳು. ನಾನು ನೂಲಿನ ಉಂಡೆ ಹಿಡಿದು ಕೂತೆ. ಕೊನೆಯ ಎಳೆಯನ್ನು ಒಳಗೆ ಸೇರಿಸಿ ಎಳೆದರೆ ಗಂಟೇ ಕಾಣಿಸಲಿಲ್ಲ. ಇವರು ಹಿಡಿದು ನೋಡಿದರು. ಕೈ ನಡುಗಿತು, ರಾಡು ಜಾರಲಿಲ್ಲ. ಆ ಗಳಿಗೆಯಿಂದ ಆ ರಾಡು ಇಲ್ಲದೆ ಪ್ರವಾಸವಿಲ್ಲ ಎಂದಾಯಿತು.

ಅದೋ, ಮಡಚುವ ಜಾತಿಯದಲ್ಲ. ಏಳಡಿಯ ಒಂದೇ ತುಂಡು. ನಡುವೆ ಜೋಡಣೆ ಇದ್ದರೆ ಮೀನಿನ ಅಲುಗಾಟ ಕೈಗೆ ಸರಿಯಾಗಿ ಮುಟ್ಟುವುದಿಲ್ಲವಂತೆ. ಇದನ್ನು ವಿಮಾನದ ಸಾಮಾನಿನವರ ಕೈಗೆ ಹಾಗೇ ಕೊಟ್ಟರೆ ತುದಿ ಮುರಿಯುವುದು ನಿಶ್ಚಿತ ಎಂದು ಇವರು ಒಂದು ವಾರ ಯೋಚಿಸಿ, ಎಂಜಿನಿಯರ್ ಆದವರು ಏನು ಮಾಡುತ್ತಾರೋ ಅದನ್ನೇ ಮಾಡಿದರು. ನಾಲ್ಕಿಂಚಿನ ಪೈಪು ತರಿಸಿದರು, ಪ್ಲಂಬರನ್ನು ಕರೆಸಿದರು. "ಒಳಗ ಹನಿ ನೀರು ಹೋಗಬಾರದು, ಧೂಳು ಹೋಗಬಾರದು," ಎಂದು ಅಪ್ಪಣೆ ಕೊಟ್ಟು ಊಟ ಮಾಡಿ ಮಲಗಿದರು.

ಪ್ಲಂಬರ್ ನಲವತ್ತರ ಆಸುಪಾಸಿನ ನಂಬಿಗಸ್ತ ಮನುಷ್ಯ. ಹೇಳಿದ್ದನ್ನು ಹೇಳಿದ ಹಾಗೆ ಮಾಡುವವನು. ರಾಡನ್ನು ಸ್ಪಂಜಿನಲ್ಲಿ ಸುತ್ತಿ ಒಳಗೆ ಸರಿಸಿದ. ಎರಡೂ ಕಡೆ ಕ್ಯಾಪ್ ಕೂಡಿಸಿ, ಸೊಲ್ಯೂಷನ್ ಹಚ್ಚಿ, ಜನ್ಮದಲ್ಲಿ ಬಿಚ್ಚದಂತೆ ಅಂಟಿಸಿದ. ಇವರು ಎದ್ದು ಬಂದ ಮೇಲೆ ಇಬ್ಬರೂ ಸೇರಿ ಅದರ ಒಂದೊಂದೇ ತುದಿಯನ್ನು ಹಿತ್ತಲಿನ ನೀರಿನ ಹೌದಿನಲ್ಲಿ ಮುಳುಗಿಸಿ, ಗುಳ್ಳೆ ಬರುತ್ತವೆಯೇ ಎಂದು ಬಗ್ಗಿ ನೋಡಿದರು. ಗುಳ್ಳೆ ಬರಲಿಲ್ಲ.

"ಬಾವ್ಯಾಗ ಒಗದ್ರೂ ಏನೂ ಆಗೂದಿಲ್ರಿ ಸಾಹೇಬ್ರ."

"ಫಸ್ಟ್ ಕ್ಲಾಸ್!"

ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳಿದೆ. "ಇದನ್ನ ತಗಿಯೋದು ಹೆಂಗ?"

ಪ್ಲಂಬರ್ ನನ್ನನ್ನು ಕನಿಕರದಿಂದ ನೋಡಿದ. "ಕೂಡಿಸಿದ ಪೈಪು ಯಾರರೆ ತಗೀತಾರೇನ್ರಿ ಅಮ್ಮಾರ?"

ಇವರು, "ಅಲ್ಲೆ ಹೋದ ಮ್ಯಾಲೆ ಕೊಯ್ಯೋದು. ಕ್ಯಾಂಪಿನ್ಯಾಗ ಗರಗಸ ಇರ್ತದ," ಎಂದರು. ನಡುವೆ ಯಾರಾದರೂ ಒಳಗೇನಿದೆ ತೋರಿಸಿ ಎಂದು ಕೇಳಿಯಾರು ಎಂಬುದು ಅವರ ತಲೆಗೆ ಹೊಳೆಯಲೇ ಇಲ್ಲ. ಇವರು ಪರೀಕ್ಷಿಸಿ ಸಹಿ ಹಾಕಿದ ಪೈಪನ್ನು ಸರ್ವಿಸಿನಲ್ಲಿ ಯಾರೂ ಮತ್ತೆ ತೆಗೆಸಿ ನೋಡಿರಲಿಲ್ಲ. ಜಗತ್ತು ಪೂರ್ತಿ ತಮ್ಮ ಇಲಾಖೆ ಎಂದುಕೊಂಡಿದ್ದರು.

ವಿಮಾನ ನಿಲ್ದಾಣ ನಮ್ಮಿಂದ ಮೂರು ತಾಸಿನ ದಾರಿ. ಕಾರಿನ ನೆತ್ತಿಯ ಮೇಲೆ ಪೈಪು ಕಟ್ಟಿಕೊಂಡು ಹೋದೆವು. ಸರದಿಯಲ್ಲಿ ನಮ್ಮ ಹಿಂದೆ ನಿಂತಿದ್ದ ದಪ್ಪ ಮೀಸೆಯ ಯಜಮಾನರೊಬ್ಬರು ಬಹಳ ಹೊತ್ತು ತಡೆದುಕೊಂಡು, ಕೊನೆಗೆ ಕೇಳಿಯೇಬಿಟ್ಟರು. "ದಿಲ್ಲ್ಯಾಗ ಬೋರ್ ಹಾಕ್ಸಾಕ ಹೊಂಟೀರೇನ್ರಿ ಸರ?"

ಕೌಂಟರಿನಲ್ಲಿ ಅಳತೆಯ ಪಟ್ಟಿ ಬಂತು, ಅಧಿಕಾರಿ ಬಂದರು, ಅವರ ಮೇಲಿನವರು ಬಂದರು. ಸ್ಪೋರ್ಟಿಂಗ್ ಇಕ್ವಿಪ್‌ಮೆಂಟ್ ಎಂಬ ಪದವನ್ನು ಇವರು ಮಂತ್ರದ ಹಾಗೆ ಹೇಳುತ್ತಿದ್ದರು. ಅಳತೆ ಮೀರಿದ ಸಾಮಾನಿಗೆ ಬೇರೆ ಬಾಗಿಲು, ಅಲ್ಲಿಗೆ ಹೊತ್ತೆವು. ಆ ಬಾಗಿಲಲ್ಲಿ ಯುನಿಫಾರ್ಮಿನ ಒಬ್ಬ ಹುಡುಗಿ. ಬೆಂಗಳೂರಿನ ಕಡೆಯವಳಿರಬೇಕು, ಮಾತು ಪುಸ್ತಕದ ಹಾಗಿತ್ತು.

"ಸರ್, ಇದನ್ನು ಓಪನ್ ಮಾಡಿ."

"ಸೀಲ್ ಮಾಡೇವಿ."

"ಸೀಲ್ ತೆಗೆಯಿರಿ."

"ತಗೀಲಿಕ್ಕೆ ಬರೂದಿಲ್ಲವಾ. ವಾಟರ್‌ಟೈಟ್ ಅದ."

"ವಿಮಾನ ನೀರಲ್ಲಿ ಹೋಗಲ್ಲ ಸರ್."

ನಾನು ಬೇರೆ ಕಡೆ ನೋಡಿದೆ. ಕಾನ್ವೆಂಟಿನಲ್ಲಿ ಕಲಿತದ್ದರಲ್ಲಿ ಇದೊಂದು ಇಂದಿಗೂ ಉಪಯೋಗಕ್ಕೆ ಬರುತ್ತದೆ, ನೆಟ್ಟಗೆ ನಿಂತು ಬೇರೆ ಕಡೆ ನೋಡುವುದು.

ಪೈಪನ್ನು ಎಕ್ಸ್‌ರೇ ಯಂತ್ರದೊಳಗೆ ದಾಟಿಸಿದರು. ಪರದೆಯ ಮೇಲೆ ಉದ್ದನೆಯ ಕಡ್ಡಿ, ಅದರ ಮೇಲೆ ಸಾಲಾಗಿ ಉಂಗುರಗಳು, ಒಂದು ತುದಿಗೆ ಗುಂಡಗಿನ ಗಂಟು. ಅಲ್ಲಿಯ ಅಧಿಕಾರಿ ಅದರ ಮೇಲೆ ಬೆರಳಿಟ್ಟರು.

"ಇಷ್ಟು ದಪ್ಪ ಏನಿದು?"

"ಹಿಡಿಕಿರಿ."

"ಮೀನಿನ ರಾಡಿನ ಹಿಡಿಕೆ ಇಷ್ಟು ದಪ್ಪ ಇರುತ್ತಾ?"

ಇವರ ಬಲಗೈ ಪ್ಯಾಂಟಿನ ಕಿಸೆಯಲ್ಲಿತ್ತು, ಅಲ್ಲಿಯೇ ಇಟ್ಟುಕೊಂಡರು. ಕಿಸೆಯ ಬಟ್ಟೆ ಅಲುಗುತ್ತಿತ್ತು. ನೋಡಲೆಂದು ಅಲ್ಲಿಗೂ ಬಂದಿದ್ದ ಮೀಸೆಯವರು ಹಿಂದೆ, ಅವರ ಹಿಂದೆ ಒಂದು ಇಡೀ ಮದುವೆಯ ದಿಬ್ಬಣ ನಿಂತಿತ್ತು. ಬೋರ್ಡಿಂಗಿನ ಘೋಷಣೆ ಎರಡನೆಯ ಸಲ ಆಯಿತು. ಈ ಕೋಲು ಇಲ್ಲೇ ಉಳಿದರೆ ಇವರು ನನ್ನ ಜೊತೆ ಮನೆಗೆ ಮರಳುತ್ತಾರೆ, ಮತ್ತೆಂದೂ ಆ ಅಲಮಾರಿ ತೆರೆಯುವುದಿಲ್ಲ ಎಂಬುದು ನನಗೆ ಗೊತ್ತಿತ್ತು. ನನಗೆ ಅಲಮಾರಿ ಸಿಕ್ಕೀತು. ಬೇಡವಾಗಿತ್ತು.

"ಆಫೀಸರ್," ಎಂದೆ, "ಮೈ ಹಸ್ಬೆಂಡ್ ಹ್ಯಾಸ್ ಅ ಟ್ರೆಮರ್. ಹಿ ಕೆನಾಟ್ ಹೋಲ್ಡ್ ಅ ಥಿನ್ ಒನ್."

ಮನೆಯ ಒಳಗಾಗಲಿ ಹೊರಗಾಗಲಿ ಆ ಮಾತು ನನ್ನ ಬಾಯಿಂದ ಬಂದದ್ದು ಅದೇ ಮೊದಲು. ಇವರು ನನ್ನನ್ನು ನೋಡಿದ ರೀತಿ ಹೇಗಿತ್ತೆಂದರೆ, ನಡುಬಜಾರಿನಲ್ಲಿ ನಾನು ಅವರ ಅಂಗಿ ಬಿಚ್ಚಿಸಿದೆನೇನೋ ಎಂಬಂತೆ. ಆಮೇಲೆ ಕಿಸೆಯಿಂದ ಕೈ ತೆಗೆದು ಅಧಿಕಾರಿಯ ಮುಂದೆ ಚಾಚಿದರು. ಆ ಮನುಷ್ಯ ನೋಡಿ ತಲೆ ಆಡಿಸಿದರು, ಯಾರಿಗೋ ಹ್ಯಾಕ್ಸಾ ಗರಗಸ ತರಲು ಹೇಳಿದರು. ರಿಪೇರಿಯವನೊಬ್ಬ ಬಂದು ಪರದೆ ನೋಡಿ ಹಿಡಿಕೆಯ ಕಡೆಯ ತುದಿಯನ್ನು ಕೊಯ್ದ. ಬಿಳಿಯ ಪುಡಿ ನನ್ನ ಸೀರೆಯ ಮೇಲೆಲ್ಲ ಬಿತ್ತು. ಒಳಗೆ ನೋಡಿದರು, ತೃಪ್ತಿಯಾಯಿತು, ಬಾಯಿಗೆ ಟೇಪು ಸುತ್ತಿದರು. ಇವರು ಟೇಪಿನವನಿಗೆ, "ನೀರು ಹೋಗದಂಗ ಸುತ್ತಪ್ಪಾ," ಎಂದರು. ಖರೆ ಹೇಳುತ್ತೇನೆ, ಎಂದರು.

ದಾರಿಯಲ್ಲಿ ಬದಲಿಸಿ ಹತ್ತಿದ ಎರಡನೆಯ ವಿಮಾನದಲ್ಲಿ ಗಗನಸಖಿ ನೀರು ತಂದಾಗ ಇವರು ಕೇಳಿದ್ದು, "ಪೈಪ್ ಹತ್ತಿತೇನವಾ?" ಆಕೆ ಅದನ್ನು ಏನೆಂದು ತಿಳಿದಳೋ, ಶೌಚಾಲಯದ ದಾರಿ ತೋರಿಸಿದಳು.

ಪೈಪು ಹತ್ತಿರಲಿಲ್ಲ. ವಿಮಾನ ಬದಲಿಸಿದ ಊರಿನಲ್ಲಿ ಅದು ಹಿಂದೆಯೇ ಉಳಿದಿತ್ತು. ದಿಲ್ಲಿಯ ಬೆಲ್ಟಿನ ಮುಂದೆ ಎಲ್ಲರ ಪೆಟ್ಟಿಗೆಗಳೂ ಬಂದು ಹೋದ ಮೇಲೆ ನಾವಿಬ್ಬರೇ ನಿಂತೆವು. ದೂರಿನ ಫಾರ್ಮಿನಲ್ಲಿ ಹತ್ತಾರು ತರಹದ ಸೂಟ್‌ಕೇಸಿನ ಚಿತ್ರಗಳಿದ್ದವು, ನಿಮ್ಮದು ಯಾವುದು, ಗುರುತು ಹಾಕಿ ಎಂದರು. "ಬಾಡಿ ಮೇಲೆ ಏನಾದರೂ ಬರೆದಿದೆಯೇ?" ಎಂದು ಕೇಳಿದರು. ಬರೆದಿತ್ತು. ಕೃಷಿ ಬಳಕೆಗೆ ಮಾತ್ರ.

ಆ ಪೈಪಿನ ಕಥೆಯನ್ನು ಇಲ್ಲಿಗೇ ಮುಗಿಸಿಬಿಡುತ್ತೇನೆ. ನಾವು ಬಾಗಲಕೋಟೆಗೆ ಮರಳಿದ ನಾಲ್ಕನೆಯ ದಿನ ಅದು ಒಂದು ಟೆಂಪೋದಲ್ಲಿ ಮನೆಗೆ ಬಂತು, ಟೇಪು ಕೂಡ ಬಿಚ್ಚದೆ. ನಮಗಿಂತ ಹೆಚ್ಚು ಊರು ನೋಡಿಕೊಂಡು ಬಂದಿತ್ತು.

ದಿಲ್ಲಿಯಿಂದ ನಾವು ರಾಡಿಲ್ಲದೆಯೇ ಕ್ಯಾಂಪಿಗೆ ಹೋದೆವು. ಅಲ್ಲಿ ಬಾಡಿಗೆಯ ರಾಡುಗಳಿದ್ದವು, ಎಲ್ಲವೂ ತೆಳ್ಳನೆಯ ಬೆಂಡಿನ ಹಿಡಿಕೆಯವು. ಅಲ್ಲಿ ಇನ್ನೂ ನಾಲ್ಕು ಜನ ಗಂಡಸರಿದ್ದರು. ಹದಿನೆಂಟು ಕಿಸೆಗಳ ಜಾಕೀಟು ಹಾಕಿಕೊಂಡು, ಮೀನಿಗಿಂತ ಮೀನಿನ ಸಾಮಾನಿನ ಮಾತೇ ಜಾಸ್ತಿ. ಒಬ್ಬರಾದರೂ ನೀರಿನ ಬಣ್ಣ ನೋಡಿರಲಿಲ್ಲ, ಅಷ್ಟು ಒಳ್ಳೆಯ ಹಸಿರು. ಮೊದಲನೆಯ ದಿನ ಇವರು ಬಾಡಿಗೆಯ ರಾಡು ಹಿಡಿದು ನೀರಿಗಿಳಿದರು. ಮೂರು ಸಲ ಎಸೆದರು. ನಾಲ್ಕನೆಯ ಸಲ ದಾರದ ಜೊತೆ ರಾಡೂ ಹೋಗಿ ನೀರಿಗೆ ಬಿತ್ತು. ಕ್ಯಾಂಪಿನ ಗೈಡು, ಆ ಊರಿನವನೇ, ಈಜಿ ತಂದುಕೊಟ್ಟ. ಜಾಕೀಟಿನವರು ನಗಲಿಲ್ಲ, ಸೌಜನ್ಯದಿಂದ ಬೇರೆ ಕಡೆ ನೋಡಿದರು. ನನ್ನ ವಿದ್ಯೆ ಅವರಿಗೂ ಗೊತ್ತಿತ್ತು. ಅವರ ಮೇಲೆ ನನಗೆ ಬಂದ ಸಿಟ್ಟು ಇಂದಿಗೂ ಇಳಿದಿಲ್ಲ.

ಇವರು ಟೆಂಟಿಗೆ ಬಂದು ಬೂಟು ಬಿಚ್ಚದೆ ಕೂತರು. "ನಾಳೆ ಹೋಗಿಬಿಡೋಣ."

"ಯಾಕ? ಇನ್ನೂ ಎರಡು ದಿನ ಅದ."

"ರಾಡಿಲ್ಲ."

"ಹೊರಗ ಎಂಟು ರಾಡು ನಿಲ್ಲಿಸ್ಯಾರ."

"ಹಿಡಿಕಿ..." ಎಂದು ಎಡಗೈಯಿಂದ ಬಲಗೈ ಹಿಡಿದುಕೊಂಡರು.

ಆಗ ನನಗೆ ಹೊಳೆಯಿತು. ಹೊಳೆದ ಮೇಲೆ, ಇಷ್ಟು ದಿನ ಹೊಳೆಯದಿದ್ದುದಕ್ಕೆ ನನ್ನ ಮೇಲೇ ಹೇಸಿಗೆಯಾಯಿತು. ನಮಗೆ ಬೇಕಾಗಿದ್ದದ್ದು ರಾಡಲ್ಲ. ಬೇಕಾಗಿದ್ದದ್ದು ಹಿಡಿಕೆಯ ಮೇಲಿನ ಸುತ್ತು ಮಾತ್ರ. ಅದನ್ನು ಸುತ್ತುವುದನ್ನು ನಾನು ಉಂಡೆ ಹಿಡಿದು ಕೂತು ಮೊದಲಿನಿಂದ ಕೊನೆಯವರೆಗೆ ನೋಡಿದ್ದೆ. ಒಂದು ಮುಷ್ಟಿ ನೂಲು ಪರ್ಸಿನಲ್ಲಿ ಹಾಕಿಕೊಂಡು ಬಂದಿದ್ದರೆ ಸಾಕಿತ್ತು. ಪೈಪಿಲ್ಲ, ಪ್ಲಂಬರಿಲ್ಲ, ಹ್ಯಾಕ್ಸಾ ಇಲ್ಲ. ಇಬ್ಬರು ಓದಿದವರು, ಒಬ್ಬರು ಎಂಜಿನಿಯರ್, ಒಬ್ಬಳು ಕಾನ್ವೆಂಟು. ವಾಟ್ ಅ ಪೇರ್ ಆಫ್ ಈಡಿಯಟ್ಸ್.

ಪೆಟ್ಟಿಗೆಯಲ್ಲಿ ದಿನಬಳಕೆಯ ಇಳಕಲ್ ಸೀರೆಯೊಂದಿತ್ತು, ಒಗೆದು ಒಗೆದು ಮೆತ್ತಗಾದದ್ದು. ಹಲ್ಲಿನಿಂದ ಅಂಚು ಕಚ್ಚಿ ಪಟ್ಟಿ ಪಟ್ಟಿಯಾಗಿ ಹರಿದೆ.

"ಏ, ಏನು ಮಾಡ್ತಿ? ಛಲೋ ಸೀರಿ ಅದು!"

"ಸುಮ್ಮಕೂಡ್ರಿ. ಮುಷ್ಟಿ ಮಾಡ್ರಿ, ನೋಡೋಣ."

ಪಟ್ಟಿಗಳನ್ನು ತೋಯಿಸಿ ಸುತ್ತಿದೆ. ಮೊದಲನೆಯ ಸಲ ಗೂನು ಗೂನಾಯಿತು, ಬಿಚ್ಚಿ ಮತ್ತೆ ಸುತ್ತಿದೆ. ಕೊನೆಯ ಎಳೆಯನ್ನು ಒಳಗೆ ಸೇರಿಸುವುದು ಬರಲಿಲ್ಲ, ಸೇಫ್ಟಿಪಿನ್ ಹಾಕಿದೆ. ಇಳಕಲ್ಲಿನ ನನ್ನ ಗೆಳತಿ ನೋಡಿದ್ದರೆ ಮೂಗು ಮುರಿಯುತ್ತಿದ್ದಳು. ಇವರು ಹಿಡಿದು ನೋಡಿದರು. ಬೂಟಿನ ಲಾಡಿ ಬಿಗಿ ಮಾಡಿಕೊಂಡರು.

ಎರಡನೆಯ ದಿನ ಬೆಳಿಗ್ಗೆ ಪೂರ್ತಿ ಏನೂ ಸಿಗಲಿಲ್ಲ. ಇಳಿಹೊತ್ತಿಗೆ ಜಾಕೀಟಿನವರು ಚಹಕ್ಕೆ ಹೋಗಿದ್ದಾಗ ದಾರ ಒಮ್ಮೆಲೇ ಬಿಗಿಯಾಯಿತು, ರೀಲು ಕಿರುಚಿತು. ಇವರು ಎರಡೂ ಕೈಯಿಂದ ಹಿಡಿದು ಹಿಂದಕ್ಕೆ ವಾಲಿದರು. ಕೈ ನಡುಗುತ್ತಿತ್ತೋ ಮೀನು ನಡುಗಿಸುತ್ತಿತ್ತೋ ಗೊತ್ತಾಗದಾಯಿತು. ಕಾಲು ತಾಸು ಹಾಗೇ ಎಳೆದಾಟ. ನಾನು ದಂಡೆಯ ಕಲ್ಲಿನ ಮೇಲೆ ನಿಂತು ಏನೇನೋ ಕೂಗಿದೆನಂತೆ. ನನಗೆ ನೆನಪಿಲ್ಲ, ಗೈಡು ಆಮೇಲೆ ಅನುಕರಣೆ ಮಾಡಿ ತೋರಿಸಿದ.

ಕೊನೆಗೆ ಅದು ತೇಲಿ ಬಂತು. ಮೈಮೇಲಿನ ಒಂದೊಂದು ಹುರುಪೆ ಒಂದೊಂದು ಬಿಲ್ಲೆಯಷ್ಟು ಅಗಲ, ಹಳೆಯ ಬಂಗಾರದ ಬಣ್ಣ. ಗೈಡು ಗಾಳ ಬಿಡಿಸಿದ. ಅಲ್ಲಿಯ ಪದ್ಧತಿ ಏನೆಂದರೆ, ಹಿಡಿದವರೇ ಮೀನನ್ನು ನೀರೊಳಗೆ, ಹರಿವಿಗೆ ಎದುರಾಗಿ, ಅದಕ್ಕೆ ಉಸಿರು ತಿರುಗುವವರೆಗೆ ಹಿಡಿದುಕೊಳ್ಳಬೇಕು. ಇವರು ಬಗ್ಗಿ ಹಿಡಿದರು. ದಣಿದ ಕೈ ಈಗ ತೀರ ಅದುರುತ್ತಿತ್ತು, ಮೀನು ಪಕ್ಕಕ್ಕೆ ಹೊರಳಿ ಬಿಳಿಯ ಹೊಟ್ಟೆ ತೋರಿಸಿತು. ಇವರು ನನ್ನ ಕಡೆ ನೋಡಿದರು.

"ಬಾ ಇಲ್ಲೆ. ನನಗ ಆಗವಲ್ತು."

ನೆರಿಗೆ ಮೇಲೆತ್ತಿ ಸಿಕ್ಕಿಸಿಕೊಂಡು ಮೊಣಕಾಲುಮಟ್ಟ ನೀರಿಗಿಳಿದೆ. ಐಸಿನಂಥ ನೀರು. ಎರಡೂ ಕೈಯಿಂದ ಅದರ ಹೊಟ್ಟೆಯ ಕೆಳಗೆ ಹಿಡಿದೆ. ಜಾರುತ್ತದೆ ಅಂದುಕೊಂಡಿದ್ದೆ, ಅದು ಬಿಗಿಯಾಗಿ, ಭಾರವಾಗಿ, ನನ್ನ ಅಂಗೈಯೊಳಗೆ ಬಾಯಿ ತೆರೆದು ಮುಚ್ಚಿ ಮಾಡುತ್ತ ನಿಂತಿತು. ಎಷ್ಟು ಹೊತ್ತೋ. ಆಮೇಲೆ ಬಾಲ ಒಮ್ಮೆ ಬಡಿದು, ನನ್ನ ಮುಖದ ಮೇಲೆಲ್ಲ ನೀರು ಸಿಡಿಸಿ, ಹಿಂತಿರುಗಿ ನೋಡದೆ ಹೋಯಿತು. ಮ್ಯಾನರ್ಸೇ ಇಲ್ಲ.

ನಾನು ಹಾಗೇ ನಿಂತಿದ್ದೆ. ಇವರು ಪಕ್ಕದಲ್ಲಿ ನಡುಗುತ್ತ ನಗುತ್ತಿದ್ದರು.

"ಏನನಸ್ತು?"

"ಅನಸೂದೇನು. ಸೀರಿ ತೊಯ್ತು."

"ನಾಳೆ ಒಂದು ದಿನ ಅದ ಇನ್ನ."

"ಹಂಗಾದ್ರ ಆ ಜಾಕೀಟಿನ ಮಂದಿ ಏಳೂಕಿಂತ ಮೊದಲ ಬರೋಣ," ಎಂದೆ. "ಅವರ ಮುಂದ ಸೀರಿ ಎತ್ತಿ ಕಟ್ಟೂದು ನನಗ ಆಗೂದಿಲ್ಲ."